ಕಿಂದಳದ ಚೂರು

ಬಾಟಲಿಯ ಹೊಟ್ಟೆಯ ಮೇಲೆ ಕೈಬರಹದ ಒಂದು ಸಂಖ್ಯೆ:
ಎರಡು ಸಾವಿರದ ನಾನೂರರಲ್ಲಿ ಸಾವಿರದ ಎಪ್ಪತ್ತೊಂದು.
ಇನಾಸ ಅದನ್ನು ಹಡಗಿನಿಂದ ತಂದದ್ದು
ಎರಡು ಬನಿಯನ್ನಿನಲ್ಲಿ ಸುತ್ತಿ, ಬಾಣಂತಿಯ ಕೂಸಿನ ಹಾಗೆ.
"ಮತ್ತೆ ಮಾಡೋದಿಲ್ಲವಂತೆ, ಇಷ್ಟೇ" ಎಂದ.
ಪುತ್ತು ಮೇಸ್ತರು ಕಣ್ಣು ಕಿರಿದು ಮಾಡಿ
"ದೋಣಿಗೂ ನಂಬರ್ ಹಾಕ್ತಾರೆ, ಅದರಲ್ಲೇನು" ಎಂದರು.

ಕೋಡಿಬಾಗ. ಇಳಿತದ ಹೊತ್ತು.
ಬೀಳದೆ ಉಳಿದ ಸೇತುವೆಯ ಮೇಲೆ ಗೋವೆಯ ಲಾರಿಗಳು, ಕೆಳಗೆ ಕಾಳಿ
ಅವಸರವಿಲ್ಲದೆ ಸಮುದ್ರಕ್ಕೆ ಕಂದು ಬೆರೆಸುತ್ತಿತ್ತು.
ನಾಳೆಯಿಂದ ಟ್ರಾಲರುಗಳಿಗೆ ರಜೆ.
ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ ಲೆಕ್ಕ ಬರೆಯುವ ನಾನು
ಕೊನೆಯ ದಿನದ ಗಡ್ಡೆಯೊಂದನ್ನು ಗೋಣಿಯಲ್ಲಿ ಕಟ್ಟಿ ತಂದಿದ್ದೆ.
"ಅದು ಬಂಗಡೆಗೆ" ಎಂದು ಅಂಗಳಕ್ಕೆ ಎಸೆಸಿದರು.

"ಓದು." ಪೊರೆ ಬಂದ ಕಣ್ಣು ಅವರದು.
ಓದಿದೆ: ಜೋಳದ್ದು. ಸುಟ್ಟ ಪೀಪಾಯಿಯಲ್ಲಿ ಏಳು ವರ್ಷ.
ಆಮೇಲೆ ಅದೇ ಪೀಪಾಯಿಯ ಒಳಗೆ
ಬೇರೆ ಓಕ್ ಮರದ ಹತ್ತು ಪಟ್ಟಿ ಇಳಿಬಿಟ್ಟು ಒಂಬತ್ತು ವಾರ.
"ಒಳಗೆ?"
ಒಳಗೆ.
"ಹಲಗೆ, ಹಲಗೆಯ ಒಳಗೆ?"
ಹೌದು ಮೇಸ್ತರೇ.
ಅವರು ನಕ್ಕ ಅಬ್ಬರಕ್ಕೆ ಕಟ್ಟೆಯಡಿಯ ಬೆಕ್ಕು ಎದ್ದು ಹೋಯಿತು.
"ನಲವತ್ತಾರು ವರ್ಷ, ನೀರು ಹೊರಗಿರಲಿ ಅಂತ ಹಲಗೆ ಕೂಡಿಸಿದೆ.
ಇವರು ಮುಳುಗಿಸಿಟ್ಟು ಕಾಯ್ತಾರೆ ಮಾರಾಯ!"

ಮೊದಲ ಗುಟುಕು.
ಇನಾಸನಿಗೆ ವೆನಿಲಾ ಸಿಕ್ಕಿತು. ನನಗೆ
ತಳ ಹಿಡಿದ ಜೋನಿಬೆಲ್ಲ,
ಆಮೇಲೆ ಒಣಗಿದ ಕಿತ್ತಳೆ ಸಿಪ್ಪೆ, ಆಮೇಲೆ
ಎದೆಗೂಡಿನ ಹಿಂದೆ ಯಾರೋ ಬೀಡಿ ಹಚ್ಚಿದಂತೆ.
ಮೇಸ್ತರು ತಡ ಮಾಡಿದರು.
ಬಾಯೊಳಗೆ ಅತ್ತಿಂದಿತ್ತ ಉರುಳಿಸಿದರು,
ಕೀಸುಳಿ ಹೊಡೆದ ಮೈಮೇಲೆ ಬೆರಳು ಓಡಿಸುವ ಹಾಗೆ.
"ಬಗ್ಗಿಸಲಿಕ್ಕೆ ಸುಟ್ಟಿದ್ದಾರೆ ಇದನ್ನು.
ನಾವೂ ಹಾಗೇ. ಒಂದು ಮಗ್ಗುಲಿಗೆ ಬೆಂಕಿ, ಇನ್ನೊಂದಕ್ಕೆ ಒದ್ದೆ ಗೋಣಿ.
ಅವಸರ ಮಾಡಿಲ್ಲ, ಪುಣ್ಯವಂತರು.
ಆದರೆ ಕೊನೆಗೆ ಹಾಕಿದ ಆ ಹತ್ತು, ಎಳೆಯ ಮರ.
ಒಗರು ಹಿಡೀತದೆ ನೋಡು, ಒಸಡಿನ ಹತ್ತಿರ."
ನಾವು ಒಸಡಿನ ಹತ್ತಿರ ನೋಡಿದೆವು.
ಇತ್ತು.

ಹುರಿದ ಶೆಟ್ಲಿ ಬಂತು, ಹೋಯಿತು. ಬಾಟಲಿ ಕಾಲು ಇಳಿಯಿತು.
ಇನಾಸ ಬೆಲೆ ಹೇಳಿದ. ಯಾರೂ ಮಾತಾಡಲಿಲ್ಲ.
ಒಂದು ಕಾಲಕ್ಕೆ ಅಷ್ಟು ದುಡ್ಡಿಗೆ
ಪಾತಿದೋಣಿಯ ಇಡೀ ಮರ ಬರುತ್ತಿತ್ತು.

ಮೇಸ್ತರು ಎದ್ದು ಹಿತ್ತಲಿಗೆ ಹೋದರು.
ಅಲ್ಲಿ ಅವರ ಕೈಯ ಕೊನೆಯ ದೋಣಿ ಮಗುಚಿ ಬಿದ್ದಿದೆ;
ಫೈಬರಿನವು ಬಂದ ಮೇಲೆ ಅದರಡಿ ಕೋಳಿ ಮೊಟ್ಟೆಯಿಡುತ್ತದೆ.
ಉಳಿಯ ಸದ್ದು, ಎರಡೇ ಸಲ.
ತಂದದ್ದು ಕಿರುಬೆರಳಷ್ಟು ಕಿಂದಳ,
ಮೂವತ್ತು ಮಳೆಗಾಲ ಉಪ್ಪು ಕಂಡದ್ದು, ಮೀನೆಣ್ಣೆ ಸವರಿಸಿಕೊಂಡದ್ದು.
ಬಾಟಲಿಯ ಕತ್ತಿನೊಳಗೆ ಇಳಿಸಿಯೇ ಬಿಟ್ಟರು.
"ಸಾಯ್ಬಾ!" ಎಂದು ಇನಾಸ ತಲೆ ಹಿಡಿದುಕೊಂಡ.
"ಮುಚ್ಚಿಡು. ನಮಗೂ ಒಂಬತ್ತು ವಾರ."

ಟ್ರಾಲರುಗಳು ಹಗ್ಗ ಬಿಚ್ಚುವ ಹಿಂದಿನ ಸಂಜೆ ಮತ್ತೆ ಕೂತೆವು,
ಮೂವರೇ. ವಾರ ಲೆಕ್ಕ ಹಾಕಿದರೆ ಎರಡು ದಿನ ಕಡಿಮೆ;
ಇನಾಸನಿಗೆ ಹಡಗಿನ ಕರೆ ಬಂದಿತ್ತು.
ಚೂರು ಮೇಲೆಯೇ ತೇಲುತ್ತಿತ್ತು. ಬಣ್ಣ ಹಾಗೇ.
ಕುಡಿದೆ. ಕಾದೆ.
ಅದೇ ಬೆಲ್ಲ, ಅದೇ ಸಿಪ್ಪೆ, ಅದೇ ಬೀಡಿ.
"ತುಸು ಉಪ್ಪು ಬಂದಿದೆ" ಎಂದೆ, ಮುದುಕರ ಸಮಾಧಾನಕ್ಕೆ.

"ಸುಳ್ಳು!"
ಗ್ಲಾಸನ್ನು ಬಲ್ಬಿಗೆ ಹಿಡಿದು ಎಷ್ಟು ಖುಷಿಯಿಂದ ಕೂಗಿದರೆಂದರೆ
ಹೆಂಡತಿ ಸೌಟು ಹಿಡಿದೇ ಇಣುಕಿದಳು.
"ಏನೂ ಬಿಟ್ಟಿಲ್ಲ ನೋಡು.
ಒಂದು ಹನಿ ಒಳಗೆ ತಗೊಂಡಿಲ್ಲ, ಒಂದು ಹನಿ ಹೊರಗೆ ಕೊಟ್ಟಿಲ್ಲ.
ಕಿಂದಳ ಅಂದರೆ ಎಂತದು ಅಂದುಕೊಂಡಿದ್ದೀರಿ?"

ಬೈತಖೋಲದ ಕಡೆ
ಎಂಜಿನ್ನುಗಳನ್ನು ಕೆಮ್ಮಿಸಿ ನೋಡುತ್ತಿದ್ದರು.
ಇನಾಸ ಚೂರನ್ನು ಹೊರತೆಗೆಯಲು
ಬಾಟಲಿಯನ್ನು ತಲೆಕೆಳಗು ಮಾಡಿದ, ಅಲುಗಿಸಿದ.
ಅದು ಪ್ರತಿ ಸಲ ಕತ್ತಿನವರೆಗೆ ಬಂದು
ಅಡ್ಡ ತಿರುಗಿ ನಿಂತಿತು.